ಇಬ್ಬರ ದುಡಿಮೆ, ಮೂರನೆಯವಳ ಲೆಕ್ಕ



ಇಬ್ಬರೂ ದುಡಿಯುವ ದಂಪತಿಗಳ ಬಗ್ಗೆ ಚರ್ಚಿಸಲು ಪುಣೆಗಿಂತ ತಕ್ಕ ಊರಿಲ್ಲ. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ ಒಂದೇ ಕೆಲಸಕ್ಕೆ ಹೆಗಲು ಕೊಟ್ಟ ಗಂಡ ಹೆಂಡತಿ. ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ತಮ್ಮ ದೊಡ್ಡ ಗ್ರಂಥ ಪ್ರಕಟಿಸಿದರು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ದಕ್ಷಿಣದ ಹುಡುಗಿಗೆ ಗಂಡನ ಮನೆಯವರು ಹೊಸಬರಲ್ಲ ಎಂದು ಅವರು ತೋರಿಸಿಕೊಟ್ಟರು. ಇಂದು ಹಿಂಜವಡಿ, ಖರಾಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಬ್ಬಳ್ಳಿ, ಬೆಳಗಾವಿಯ ಎಷ್ಟೋ ಜೋಡಿಗಳಿಗೆ ಆ ನೆಂಟಸ್ತಿಕೆಯ ಆಸರೆಯಿಲ್ಲ. ಹಾಗಾದರೆ ಅವರ ಮನೆ ನಡೆಯುವುದು ಯಾರಿಂದ?

ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚುವವರಲ್ಲಿ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ಕ್ಕೆ ಹೆಂಗಸರದು 289 ಆಯಿತು, ಗಂಡಸರದು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತೆಂದು ಹಿಗ್ಗಬೇಕೇ? ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ಅಂದರೆ ಆ ಹೊರೆ ಗಂಡಸಿನ ಹೆಗಲಿಗೆ ದಾಟಲಿಲ್ಲ. ಸರಾಸರಿ ಇಷ್ಟನ್ನೇ ಹೇಳುತ್ತದೆ. ಉಳಿದದ್ದನ್ನು ಹುಡುಕಲು ನಾವು ಮನೆಯೊಳಗೇ ಹೋಗಬೇಕು.

ಕೋಥರೂಡಿನ ಯಾವುದೇ ಫ್ಲ್ಯಾಟಿನ ಬೆಳಗು ನೆನೆಸಿಕೊಳ್ಳಿ. ಕುಕ್ಕರ್ ಕೂಗುತ್ತಿದೆ, ಮಗುವಿನ ಡಬ್ಬಿ ಇನ್ನೂ ತುಂಬಿಲ್ಲ, ಶಾಲೆಯ ವ್ಯಾನ್ ಕೆಳಗೆ ಬಂದು ನಿಂತಿದೆ. ಅಷ್ಟರಲ್ಲಿ ಮನೆಗೆಲಸದ ಮಾವಶಿಯ ಫೋನು: "ಅಕ್ಕಾರ, ಇವತ್ತ ಬರೂದು ಆಗೂದಿಲ್ರಿ, ಹುಡುಗಗ ಜ್ವರ ಬಂದಾವ." ಆ ಫೋನು ಬರುವುದು ಹೆಂಡತಿಗೆ. ಗಂಡನ ನಂಬರು ಮಾವಶಿಯ ಬಳಿ ಇರುವುದೇ ಇಲ್ಲ. ಅಂದು ಆಫೀಸಿಗೆ ರಜೆ ಹಾಕುವವರು ಯಾರು, ಪೋಳಿ-ಭಾಜಿ ಕೇಂದ್ರಕ್ಕೆ ಓಡುವವರು ಯಾರು, ಊರಿನಿಂದ ತಾಯಿಯನ್ನೋ ಅತ್ತೆಯನ್ನೋ ಕರೆಸಲು ಬಸ್ ಟಿಕೆಟ್ ಮಾಡಿಸುವವರು ಯಾರು? "ಮನೆಯವರು ಸಹಾಯ ಮಾಡ್ತಾರೆ" ಎಂಬ ಉತ್ತರಕ್ಕೆ ಟಿಕ್ ಹಾಕಿ ಎದ್ದು ಬರುವ ಪ್ರಶ್ನಾವಳಿಯಲ್ಲಿ ಇದು ಸಿಕ್ಕುವುದಿಲ್ಲ. ಆಫೀಸಿನ ಕೆಲಸ ಮುಗಿಸಿ ಬಂದ ಹೆಂಗಸಿಗೆ ಕಾದಿರುವ ಮನೆಗೆಲಸವನ್ನು ಸಮಾಜಶಾಸ್ತ್ರಜ್ಞೆ ಅರ್ಲಿ ಹೋಕ್‌ಶೀಲ್ಡ್ 1989ರಲ್ಲಿ 'ಎರಡನೆಯ ಪಾಳಿ' ಎಂದು ಬರೆದದ್ದು ಅಮೆರಿಕದ ಮನೆಗಳ ಬಗ್ಗೆ. ನಮ್ಮಲ್ಲಿ ಆ ಪಾಳಿಯ ಅರ್ಧವನ್ನು ಇನ್ನೊಬ್ಬ ಹೆಂಗಸು ಹೊರುತ್ತಾಳೆ.

ಆ ಮಾವಶಿಯ ಗಂಡನೂ ದುಡಿಯುತ್ತಾನೆ. ಅವರೂ ಇಬ್ಬರೂ ದುಡಿಯುವ ದಂಪತಿಯೇ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಕಟ್ಟಡಗಳಲ್ಲಿ, ಮನೆಗಳಲ್ಲಿ ದುಡಿಯುವ ನಮ್ಮವರು ಕಡಿಮೆಯೇನಿಲ್ಲ. ಆದರೂ 'ದುಡಿಯುವ ದಂಪತಿ' ಎಂದರೆ ನಮ್ಮ ಕಣ್ಣಿಗೆ ಕಾಣುವುದು ಲ್ಯಾಪ್‌ಟಾಪ್ ಚೀಲದವರು ಮಾತ್ರ. ಇದು ನನಗೆ ನೋವಿನ ಸಂಗತಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ನಾಲ್ಕು ಮನೆ ಪಾತ್ರೆ ತೊಳೆಯುವವಳಿಗೆ ಇದರಲ್ಲಿ ಯಾವುದೂ ಇಲ್ಲ. ಅವಳು ಕೇಳಿಲ್ಲವೆಂದಲ್ಲ: 1980ರಲ್ಲಿ ಇದೇ ಪುಣೆಯ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿ ಹೆಚ್ಚಿನ ಸಂಬಳ, ರಜೆ ಕೇಳಿದ್ದರು.

ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವ ಯುವ ಸಂಶೋಧಕರಲ್ಲಿ ನನ್ನ ಕೋರಿಕೆ ಇದು. ಗಂಡನನ್ನು ಮಾತಾಡಿಸುವಾಗ ಹೆಂಡತಿ ಪಕ್ಕದಲ್ಲಿ ಇರದಿರಲಿ. ಎಷ್ಟು ಗಂಟೆ ಕೆಲಸ ಎಂದು ಕೇಳುವುದರ ಜೊತೆಗೆ, ಕಳೆದ ಸಲ ಮಗುವಿಗೆ ಜ್ವರ ಬಂದಾಗ ಯಾರು ರಜೆ ಹಾಕಿದರು ಎಂದೂ ಕೇಳಿ. ಆಮೇಲೆ ಆ ಮನೆಯ ಮಾವಶಿಯ ಮನೆಗೂ ಹೋಗಿ, ಅದೇ ಪ್ರಶ್ನಾವಳಿಯನ್ನು ಅವಳಿಗೂ ಅವಳ ಗಂಡನಿಗೂ ಓದಿ ಹೇಳಿ, ಉತ್ತರ ಬರೆದುಕೊಳ್ಳಿ.