ಸರದಿ ತಪ್ಪದ ವಾರ

ಬೆಳಿಗ್ಗೆ ಎದ್ದು ಪಂಚಾಂಗ ನೋಡುವವರಿಗೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಬಾಯಿಪಾಠ. ಇವುಗಳಲ್ಲಿ ನಾಲ್ಕು ಸೂರ್ಯಚಂದ್ರರ ಓಟವನ್ನೇ ನಂಬಿಕೊಂಡಿವೆ. ವಾರಕ್ಕೆ ಮಾತ್ರ ಆಕಾಶದ ಹಂಗಿಲ್ಲ. ಏಳು ದಿನಕ್ಕೊಮ್ಮೆ ಸರಿಯಾಗಿ ಮರಳಿ ಬರುವಂಥದ್ದು ಮೇಲೆ ಏನೂ ಇಲ್ಲ.

ಏಳು ದಿನದ ಎಣಿಕೆಯನ್ನು ತಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಬಿಡದೆ ಉಳಿಸಿಕೊಂಡು ಬಂದವರು ಯೆಹೂದಿಗಳು. ದಿನಗಳಿಗೆ ಗ್ರಹಗಳು ಒಡೆಯರಾದದ್ದು ಆಮೇಲೆ, ಗ್ರೀಕ್ ಕಾಲದ ಜ್ಯೋತಿಷದಿಂದ. ನಮ್ಮ ವೇದಾಂಗ ಜ್ಯೋತಿಷದಲ್ಲಿ ವಾರಗಳೇ ಇಲ್ಲ.

ಶನಿವಾರ ಕಳೆದು ಭಾನುವಾರವೇ ಏಕೆ ಬರಬೇಕು? ನಿಧಾನ ಚಲಿಸುವವರಿಂದ ಹಿಡಿದು ಗ್ರಹಗಳನ್ನು ಹೀಗೆ ಸಾಲಿಗೆ ನಿಲ್ಲಿಸಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳನ್ನು ಇವರಿಗೆ ಸರದಿಯಂತೆ ಹಂಚಿ. ಮೊದಲ ಹೋರೆ ಯಾರದೋ, ಆ ದಿನವೂ ಅವರದೇ. ಶನಿಯಿಂದ ಶುರುಮಾಡಿ ಮೂರು ಸುತ್ತು ಬಂದರೆ 21 ಹೋರೆ ಮುಗಿಯಿತು. ಉಳಿದ ಮೂರು ಶನಿ, ಗುರು, ಕುಜರ ಪಾಲು. ಮರುದಿನದ ಮೊದಲ ಹೋರೆ ರವಿಗೆ! ಬೆರಳು ಮಡಿಸುತ್ತ ಹೋಗಿ, ಸೋಮ, ಮಂಗಳ ಎಲ್ಲ ತಾವಾಗಿ ಬರುತ್ತವೆ. ಆರ್ಯಭಟನ ಲೆಕ್ಕವೂ ಇದೇ. ಗ್ರಹಫಲದಲ್ಲಿ ನಂಬಿಕೆ ಇಲ್ಲದ ನನಗೂ ಈ ಗಣಿತದ ಚಂದ ಇಷ್ಟ.

ಈ ಸರದಿಯನ್ನು ಕೆಡಿಸಲು ಹೊರಟವರೂ ಇದ್ದರು. ಫ್ರೆಂಚ್ ಕ್ರಾಂತಿಕಾರರು ಹತ್ತು ದಿನದ ವಾರ ತಂದರು. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ್ದು, ಆಮೇಲೆ ಆರರದ್ದು. ಯಾವುದೂ ನಿಲ್ಲಲಿಲ್ಲ. ಪೋಪ್ ಗ್ರೆಗೊರಿ 1582ರಲ್ಲಿ ಕ್ಯಾಲೆಂಡರಿನಿಂದ ಹತ್ತು ತಾರೀಖುಗಳನ್ನೇ ಕಿತ್ತುಹಾಕಿದರೂ ವಾರದ ತಂಟೆಗೆ ಹೋಗಲಿಲ್ಲ. ಅಕ್ಟೋಬರ್ 4 ಗುರುವಾರ, ಮರುದಿನ ಅಕ್ಟೋಬರ್ 15, ಶುಕ್ರವಾರ!

ಹೀಗೆ ಸರದಿ ತಪ್ಪದ ವಾರ ಹಳೆಯ ತೇದಿಗಳನ್ನು ಒರೆಗೆ ಹಚ್ಚಲೂ ಒದಗುತ್ತದೆ. ಮಧ್ಯಪ್ರದೇಶದ ಏರಣ್‌ನಲ್ಲಿ ಗುಪ್ತರ ಅರಸ ಬುಧಗುಪ್ತನ ಕಾಲದ ಒಂದು ಕಂಬವಿದೆ. ಅದರ ಶಾಸನದಲ್ಲಿ ಗುಪ್ತವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದಿದೆ. ನಮ್ಮ ದೇಶದ ಶಾಸನಗಳಲ್ಲಿ ವಾರ ಹೇಳಿದ ತೀರ ಹಳೆಯದೆಂದು ಹೆಸರಾದದ್ದು ಇದು. ಗುಪ್ತಶಕೆ ಯಾವಾಗ ಶುರುವಾಯಿತೆಂಬ ಜಗಳ ಹತ್ತೊಂಬತ್ತನೆಯ ಶತಮಾನದಲ್ಲಿ ಜೋರಾಗಿತ್ತು. ಕನ್ನಡ ಶಾಸನಗಳನ್ನೂ ಓದಿ ಪ್ರಕಟಿಸಿದ ಫ್ಲೀಟ್ ಸಾಹೇಬರು ಅದನ್ನು ಬಿಡಿಸಲು ಕೂತಾಗ, ಶಂಕರ ಬಾಲಕೃಷ್ಣ ದೀಕ್ಷಿತರು ಗಣಿತ ಮಾಡಿಕೊಟ್ಟರು. ತಿಥಿಯೂ ವಾರವೂ ಕೂಡಿಬಂದ ದಿನ 484ರ ಜೂನ್ 21. ಇವತ್ತಿಗೂ ಶಾಸನ ಓದುವವರು ತೇದಿ ಸಿಕ್ಕ ಕೂಡಲೇ ವಾರ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಅನುಮಾನ ಬೀಳುವುದು ಕೆತ್ತಿದವನ ಮೇಲೆ, ಬರೆಸಿದವನ ಮೇಲೆ.