‘ಸರ್ವರ್ ಡೌನ್ ಅದ’: ಒಂದು ಮಾತಿನೊಳಗಿನ ಐದು ವಿಳಂಬಗಳು



ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಪಾಳಿ ಹಚ್ಚಿದವರಿಗೆ ನಮ್ಮ ಭಾಗದಲ್ಲಿ ಸಿಗುವ ಉತ್ತರ ಒಂದೇ: ‘ಸರ್ವರ್ ಡೌನ್ ಅದ.’ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಪರದೆಯ ಮೇಲೂ ಚಕ್ರ ತಿರುಗುತ್ತಲೇ ಇದೆ. ಆದರೆ ಆ ಉತ್ತರ ‘ಮೈಗೆ ಆರಾಮಿಲ್ಲ’ ಎಂದಂತೆ. ರೋಗ ಯಾವುದೆಂದು ತಿಳಿಯುವುದಿಲ್ಲ. ವಿಳಂಬವನ್ನು ಬಿಡಿಸಿ ಅಳೆಯಬೇಕು, ಆ ಅಳತೆ ಪಾಳಿ ಇರುವ ಊರಿನಿಂದಲೇ ಆಗಬೇಕು ಎಂಬುದು ಈ ಸಂಕಿರಣದ ಆಶಯ.

ಬಿಡಿಸಿ ಅಳೆಯುವುದಕ್ಕೆ 1874ರಲ್ಲಿ ತೆರೆದ ಸಿಕಂದರಾಬಾದ್–ವಾಡಿ ರೈಲುಮಾರ್ಗವೇ ಉದಾಹರಣೆ. ಸೇಡಂ, ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ ಬರುವ ಗಾಡಿ ಎರಡು ತಾಸು ತಡವಾದರೆ ಪ್ರಯಾಣಿಕರಿಗೆ ಅದು ಬರೀ ‘ಲೇಟ್’. ರೈಲ್ವೆಯವರಿಗೆ ಹಾಗಲ್ಲ, ಯಾವ ನಿಲ್ದಾಣಕ್ಕೆ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂಬ ದಾಖಲೆ ಅವರ ಬಳಿ ಇರುತ್ತದೆ. ಜಾಲತಾಣಕ್ಕೆ ಹೋಗುವ ಕೋರಿಕೆಗೂ ಇಂಥ ದಾಖಲೆ ಸಾಧ್ಯ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದ ಕರ್ಲ್ ಎಂಬ ಕಮಾಂಡ್ ಅದನ್ನು ಕೊಡುತ್ತದೆ. ಆದರೆ ಎಲ್ಲವನ್ನೂ ಹೊರಟ ಗಳಿಗೆಯಿಂದ ಕೂಡಿಸಿದ ಲೆಕ್ಕದಲ್ಲಿ. ಎಚ್‌ಟಿಟಿಪಿಸ್ಟ್ಯಾಟ್ ಎಂಬ ಪುಟ್ಟ ಪೈಥಾನ್ ಕಡತ ಆ ಅಂಕಿಗಳನ್ನು ಒಂದರಿಂದೊಂದು ಕಳೆದು, ಟರ್ಮಿನಲ್‌ನಲ್ಲೇ ಐದು ಅಂಕಣಗಳಾಗಿ ಬರೆದು ತೋರಿಸುತ್ತದೆ. ಶಹಾಬಾದಿನ ಗಣಿಯಲ್ಲಿ ಫರ್ಸಿ ಕಲ್ಲು ಪದರು ಪದರಾಗಿ ಏಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆ ಅಂಕಣಗಳನ್ನು ಎಡದಿಂದ ಓದೋಣ. ತಾಣದ ಹೆಸರಿಗೆ ವಿಳಾಸ ಹುಡುಕುವುದು ಡಿಎನ್‌ಎಸ್. ಆ ವಿಳಾಸದ ಯಂತ್ರದೊಡನೆ ಸಂಪರ್ಕ ಕಟ್ಟುವುದು ಟಿಸಿಪಿ. ಗುಟ್ಟಿನ ಕೀಲಿಯೊಂದನ್ನು ಎರಡೂ ಕಡೆಯವರು ಒಪ್ಪಿಕೊಳ್ಳುವುದು ಟಿಎಲ್‌ಎಸ್. ಇಷ್ಟಾದರೂ ‘ನನ್ನ ಪಹಣಿ ಕೊಡಿ’ ಎಂಬ ಮಾತು ಇನ್ನೂ ಹೊರಟೇ ಇಲ್ಲ! ಆಮೇಲೆ ಬರುವುದು ಸರ್ವರ್ ಯೋಚಿಸುವ ಹೊತ್ತು, ಕೊನೆಗೆ ಪುಟ ಇಳಿಯುವ ಹೊತ್ತು. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 600 ಕಿ.ಮೀ. ಉದ್ದದ ಕೇಬಲ್ಲಿನಲ್ಲಿ ಹೋಗಿಬರಲು ಬೇಕಾದದ್ದು ಬರೀ 6 ಮಿಲಿಸೆಕೆಂಡ್. ಅಂದರೆ ಸರ್ವರ್ ದೂರದ ಬೆಂಗಳೂರಿನಲ್ಲಿದೆ ಎಂಬ ಕಾರಣ ಇಲ್ಲಿ ನಡೆಯದು. ಚಿಂಚೋಳಿಯ ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಸೊರಗಿದಾಗ ಮಾತ್ರ ಹೋಗಿಬರುವ ಒಂದೊಂದು ಸುತ್ತೂ ನೂರಾರು ಮಿಲಿಸೆಕೆಂಡ್ ತಿನ್ನಬಹುದು. ಟಿಸಿಪಿಗೆ ಒಂದು ಸುತ್ತು ಬೇಕು. ಹಳೆಯ ಟಿಎಲ್‌ಎಸ್ 1.2ಕ್ಕೆ ಎರಡು, 2018ರ 1.3ಕ್ಕೆ ಒಂದು. ಸರ್ವರ್ ನಡೆಸುವವರು ಆವೃತ್ತಿ ಬದಲಿಸಿದರೆ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ವ್ಯತ್ಯಾಸವೇ ಗೊತ್ತಾಗದು, ಚಿಂಚೋಳಿಯಲ್ಲಿ ಗೊತ್ತಾಗುತ್ತದೆ. ಅಳತೆ ಇಲ್ಲಿಂದಲೇ ಆಗಬೇಕು ಎನ್ನುವುದು ಅದಕ್ಕೇ.

ಈ ಚಿತ್ರವನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ನಾಲ್ಕನೆಯ ಅಂಕಣದ ತಲೆಬರಹ ‘ಸರ್ವರ್ ಪ್ರೊಸೆಸಿಂಗ್’. ಅದರೊಳಗೆ ಕೋರಿಕೆ ಅಲ್ಲಿಗೆ ತಲುಪಿ, ಉತ್ತರದ ಮೊದಲ ಬೈಟ್ ಮರಳುವ ಒಂದು ಪೂರ್ತಿ ಸುತ್ತೂ ಸೇರಿದೆ. ಅಲ್ಲಿ 230, ಟಿಸಿಪಿ ಅಂಕಣದಲ್ಲಿ 180 ಮಿಲಿಸೆಕೆಂಡ್ ಇದೆ ಎಂದಿಟ್ಟುಕೊಳ್ಳಿ. ಸರ್ವರಿನ ಪಾಲಿಗೆ ಬರುವುದು ಹೆಚ್ಚುಕಡಿಮೆ 50 ಮಾತ್ರ. ಉಳಿದದ್ದು ದಾರಿಯ ಪಾಲು. ತಲೆಬರಹವನ್ನಷ್ಟೇ ಓದಿದವರು ಇಲ್ಲಿಯೂ ‘ಸರ್ವರ್ ಡೌನ್’ ಎಂದೇ ಬರೆದಾರು. ನಿಜಕ್ಕೂ ಡೌನ್ ಆಗಿದ್ದರೆ ಅಂಕಣಗಳೇ ಮೂಡುವುದಿಲ್ಲ, ಕರ್ಲ್ ಒಂದು ದೋಷಸಂಖ್ಯೆ ಕೊಟ್ಟು ನಿಲ್ಲುತ್ತದೆ: ಹೆಸರಿಗೆ ವಿಳಾಸ ಸಿಗದಿದ್ದರೆ 6, ಸಂಪರ್ಕವೇ ಆಗದಿದ್ದರೆ 7, ಕೊಟ್ಟ ಗಡುವು ಮೀರಿದರೆ 28.

ಬ್ರೌಸರ್ ಹತ್ತಾರು ಕಡತ ತರಿಸಿಕೊಳ್ಳುತ್ತದೆ, ಎಚ್‌ಟಿಟಿಪಿಸ್ಟ್ಯಾಟ್ ಅಳೆಯುವುದು ಒಂದನ್ನೇ ಎಂಬ ಆಕ್ಷೇಪ ಇದೆ. ಒಪ್ಪಬೇಕಾದ ಮಾತು. ಚಿತ್ರಗಳ, ಜಾವಾಸ್ಕ್ರಿಪ್ಟಿನ ಭಾರ ಇದರಲ್ಲಿ ಕಾಣದು. ಆದರೆ ಮೊದಲ ಕಡತವೇ ಬಾರದೆ ಉಳಿದವು ಬರುವುದಿಲ್ಲವಲ್ಲ. ಇನ್ನು, ಕನ್ನಡ ಪುಟವೇ ಭಾರ ಎನ್ನುವವರಿದ್ದಾರೆ. ‘ಸೇಡಂ’ ಎಂದು ಯೂನಿಕೋಡ್‌ನಲ್ಲಿ ಬರೆದರೆ ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ ತಲಾ ಮೂರರಂತೆ 12 ಬೈಟ್, ಇಂಗ್ಲಿಷಿನಲ್ಲಿ 5. ನಿಜ, ಆದರೆ ಜಿಜಿಪ್‌ನಿಂದ ಕುಗ್ಗಿಸಿ ಕಳಿಸಿದರೆ ಆ ಅಂತರ ಬಹಳಷ್ಟು ಕರಗುತ್ತದೆ. ಐದನೆಯ ಅಂಕಣ ಚಿಕ್ಕದೇ ಇದ್ದಾಗಲೂ ಕನ್ನಡದ ಮೇಲೆ ತಪ್ಪು ಹೊರಿಸುವುದು ಬರೀ ನೆಪ.

ಕಪ್ಪು ಪರದೆಯ ಈ ಕಮಾಂಡು ರೈತರಿಗೆ ಏಕೆ ಎಂದು ಕೇಳಬಹುದು. ರೈತರಿಗಲ್ಲ, ಕೌಂಟರಿನಾಚೆ ಕೂತವರಿಗೆ. ಆಪರೇಟರ್ ಮೇಲಿನವರಿಗೆ ‘ಸ್ಲೋ ಅದ’ ಎಂದರೆ ‘ನಮ್ಮಲ್ಲಿ ಸರಿ ಇದೆ’ ಎಂಬ ಉತ್ತರ ಬರುತ್ತದೆ. ಎರಡೂ ನಿಜವೇ ಇರಬಹುದು. ಐದು ಅಂಕಿ ಅಂಟಿಸಿ ಕಳಿಸಿದ ದೂರಿಗೆ ಆ ಉತ್ತರ ಸಾಲದು. ಒಂದೇ ಸಲದ ಅಳತೆಗೂ ಬೆಲೆಯಿಲ್ಲ. ಬೆಳಿಗ್ಗೆ ಹನ್ನೊಂದರ ಪಾಳಿಯ ಹೊತ್ತಿನದು, ರಾತ್ರಿಯದು, ಎರಡನ್ನೂ ಹಲವು ದಿನ ಪಕ್ಕಪಕ್ಕ ಇಟ್ಟು ನೋಡಬೇಕು. ಹಗಲು ನಾಲ್ಕನೆಯ ಅಂಕಣವೊಂದೇ ಉಬ್ಬಿದರೆ ಪತ್ರ ಸರ್ವರ್ ನಡೆಸುವವರಿಗೆ, ಎರಡು ಮೂರು ನಾಲ್ಕು ಒಟ್ಟಿಗೇ ಉಬ್ಬಿದರೆ ನೆಟ್ ಕೊಡುವ ಕಂಪನಿಗೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಐದೂ ಊರಿನವರು ಇಲ್ಲಿದ್ದೀರಿ. ಒಂದೇ ತಾಣವನ್ನು ಒಂದೇ ಹೊತ್ತಿಗೆ ಐದೂ ಕಡೆಯಿಂದ ಅಳೆಯುವುದು ಹೇಗೆ, ಆ ಅಂಕಿಗಳನ್ನು ಯಾರು ಕೂಡಿಡಬೇಕು ಎಂಬುದನ್ನು ಮಧ್ಯಾಹ್ನದ ಗೋಷ್ಠಿ ಮೊದಲು ತೀರ್ಮಾನಿಸಲಿ.