ನಿಧಾನವಾಗಿ ಕಲಿಯುವ ವಯಸ್ಕರಿಗೆ ಅಕ್ಷರಾಭ್ಯಾಸ

ಅಕ್ಷರಾಭ್ಯಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಐದು ವರ್ಷದ ಮಗು, ತಟ್ಟೆಯಲ್ಲಿ ಹರಡಿದ ಅಕ್ಕಿ, ಬೆರಳು ಹಿಡಿದು ತಿದ್ದಿಸುವ ಹಿರಿಯರು. 32 ವರ್ಷದವನೊಬ್ಬನು ಸ್ಲೇಟು ಹಿಡಿದು ಎದುರಿಗೆ ಕುಳಿತರೆ ಏನು ಮಾಡಬೇಕೆಂಬುದನ್ನು ನಾನು ಕಟ್ಟಿದ ಯಾವ ಪಂಡಿತ ಪರೀಕ್ಷೆಯೂ ಕಲಿಸಿರಲಿಲ್ಲ.

ಆತನು ನಮ್ಮ ಬೀದಿಯವನು. ಹುಟ್ಟಿನಿಂದ ಬುದ್ಧಿಯ ಬೆಳವಣಿಗೆ ನಿಧಾನ. 'ಬುದ್ಧಿಮಾಂದ್ಯ' ಎಂಬ ಹಳೆಯ ಮಾತನ್ನು ಬಿಟ್ಟು ಈಗ 'ಬೌದ್ಧಿಕ ಅಂಗವೈಕಲ್ಯ' ಎನ್ನುತ್ತಾರೆ. ಬಿಟ್ಟದ್ದು ಒಳ್ಳೆಯದೇ, ಆದರೆ 'ಮಂದ'ವೆಂದರೆ ನಿಧಾನವೇ ಹೊರತು ಶೂನ್ಯವಲ್ಲವೆಂದು ಆಗಲೂ ಯಾರೂ ನೆನೆಯಲಿಲ್ಲ. ಎರಡು ವರ್ಷ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ಮನೆಗೆ ಮರಳಿದವನು ಆತನು. ಒಂದು ಸಂಜೆ ಆತನ ತಾಯಿ ಬಂದು, "ಮೇಷ್ಟ್ರೇ, ನಾನಿರುವಾಗಲೇ ಇವನು ತನ್ನ ಹೆಸರು ಬರೆಯುವ ಹಾಗೆ ಮಾಡಿಕೊಡಿ. ಎಲ್ಲಿ ಹೋದರೂ ಹೆಬ್ಬೆಟ್ಟು ಹಿಡಿದು ಒತ್ತಿಸುತ್ತಾರೆ" ಎಂದರು.

ಎಂದಿನಂತೆ ಅ, ಆ, ಇ, ಈ ಹಿಡಿದೆ. ಮೂರು ತಿಂಗಳಾದರೂ 'ಋ'ಕಾರವನ್ನು ದಾಟಲಿಲ್ಲ. ಆತನ ಬಾಳಿನಲ್ಲಿ 'ಋ'ಕಾರಕ್ಕೇನು ಕೆಲಸ? ಸಾಲದ್ದಕ್ಕೆ ನಾನು ಆತನನ್ನು 'ಮಗು' ಎಂದು ಕರೆದು ಶಿಶುಗೀತೆ ಹೇಳಿಸುತ್ತಿದ್ದೆ. ಒಂದು ದಿನ ಸ್ಲೇಟನ್ನು ಮಗುಚಿಟ್ಟು ಎದ್ದು ಹೋದನು.

ದಾರಿ ತೋರಿದವನೂ ಆತನೇ. ದಿನವೂ ಬೆಳಿಗ್ಗೆ ಹಾಲು ತರುವುದು ಆತನ ಕೆಲಸ. ನಾನೂ ಸಾಲಿನಲ್ಲಿ ನಿಂತಿದ್ದಾಗ ಬೂತಿನ ಬೋರ್ಡಿನತ್ತ ಬೆರಳು ಮಾಡಿ "ಹಾಲು" ಎಂದನು. ಅಕ್ಷರ ಗೊತ್ತಿಲ್ಲ, ಆಕಾರ ಗೊತ್ತು! ಅಂದೇ ವರ್ಣಮಾಲೆಯನ್ನು ಬದಿಗಿಟ್ಟೆ. ಹಾಲು, ಬಸ್ಸು, ಅಮ್ಮ, ಆತನ ಹೆಸರು, ಇವನ್ನು ರಟ್ಟಿನ ಮೇಲೆ ದಪ್ಪಗೆ ಬರೆದು, ಪದದಿಂದ ಅಕ್ಷರಕ್ಕೆ ಇಳಿದೆವು. ಆತನ ಹೆಸರಿನಲ್ಲಿ 'ವ' ಇದೆ, 'ಅಮ್ಮ'ದಲ್ಲಿ 'ಮ' ಇದೆ. ಎರಡಕ್ಕೂ ಇರುವ ಭೇದ ಒಂದು ಬಾಲದಷ್ಟು. ಇಂಥ ಜೋಡಿಯಲ್ಲಿ ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ಬಚ್ಚಿಡಬೇಕೆಂದು ಎರಡು ವಾರ ಒದ್ದಾಡಿದ ಮೇಲೆ ತಿಳಿಯಿತು. ಪಾಠ 20 ನಿಮಿಷ ಮಾತ್ರ. ಅದೇ ಹೊತ್ತು, ಅದೇ ಜಗುಲಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 18ನೆಯ ಪ್ರಕರಣವು ವಯಸ್ಕರ ಶಿಕ್ಷಣದಲ್ಲಿ ಇವರೂ ಇತರರಿಗೆ ಸಮನಾಗಿ ಪಾಲ್ಗೊಳ್ಳಬೇಕೆನ್ನುತ್ತದೆ. 2022ರಲ್ಲಿ ಮಂಜೂರಾದ ನವಭಾರತ ಸಾಕ್ಷರತಾ ಕಾರ್ಯಕ್ರಮವಂತೂ ಸ್ವಯಂಸೇವಕರನ್ನೇ ನೆಚ್ಚಿದೆ. ನನ್ನ ಹಳೆಯ ವಿದ್ಯಾರ್ಥಿನಿಯರು ಮೂವರು ಸೇರಿಕೊಂಡಿದ್ದಾರೆ. ಜಗುಲಿಯಲ್ಲಿ ಈಗ ಐವರು ಕಲಿಯುತ್ತಾರೆ. ಕೇಳುತ್ತಿರುವ ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಮನಸ್ಸು ಮಾಡಿದರೆ ವಾರಕ್ಕೆ ಎರಡೇ ದಿನವಾದರೂ ಸರಿ, ತಪ್ಪಿಸಬೇಡಿ. ತಪ್ಪಿಸಿದವನು ನಾನೇ. ಉತ್ತರಪತ್ರಿಕೆಗಳ ನೆಪದಲ್ಲಿ ಏಳು ವಾರ ಪಾಠ ನಿಲ್ಲಿಸಿದೆ. ಮರಳಿದಾಗ ಕಲಿತದ್ದರಲ್ಲಿ ಅರ್ಧ ಅಳಿಸಿಹೋಗಿತ್ತು. ಆತನು ಮಾತ್ರ ದಿನವೂ ಐದು ಗಂಟೆಗೆ ಸ್ಲೇಟು ಒರೆಸಿಕೊಂಡು ಬಂದು ಜಗುಲಿಯಲ್ಲಿ ಕುಳಿತಿರುತ್ತಿದ್ದನಂತೆ.

ಕಳೆದ ತಿಂಗಳು ಆತನ ಹೆಸರಿಗೇ ಒಂದು ಲಕೋಟೆ ಬಂದಿತು. ಅಂಚೆಯವರು ರೂಢಿಯಂತೆ ಮಸಿಯ ಡಬ್ಬಿ ತೆರೆದರು. ಆತನು ಅದನ್ನು ಸರಿಸಿ, ಅವರ ಜೇಬಿನ ಪೆನ್ನಿಗೆ ಕೈಚಾಚಿದನು. ಬರೆದು ಮುಗಿಸಲು ಬಹಳ ಹೊತ್ತಾಯಿತು. ಕೊನೆಯ ಅಕ್ಷರ ಗೆರೆಯ ಆಚೆಗೆ ಹೋಯಿತು. ಅಂಚೆಯವರು ಸೈಕಲ್ಲಿಗೆ ಒರಗಿ ಕಾದರು.